ಪಥ್ಯ ಮತ್ತು ವ್ಯಾಯಾಮ: ಒಬ್ಬರ ಕೈಯಲ್ಲಿ ಎರಡು ಹೊಣೆ

ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳುವ ಮಾತುಗಳಲ್ಲಿ ಎರಡು ಎಂದೂ ತಪ್ಪುವುದಿಲ್ಲ: ಊಟದಲ್ಲಿ ಹಿಡಿತವಿರಲಿ, ದಿನವೂ ದೇಹಕ್ಕೆ ವ್ಯಾಯಾಮವಿರಲಿ. ಆದರೆ ಪಥ್ಯ ತಿಳಿಸುವವರು ಒಬ್ಬರು, ವ್ಯಾಯಾಮ ಕಲಿಸುವವರು ಇನ್ನೊಬ್ಬರು. ಎರಡನ್ನೂ ಕಲಿತು ಒಬ್ಬರೇ ವೃತ್ತಿಯಾಗಿ ನಡೆಸಬಹುದೇ? ಖಂಡಿತ ನಡೆಸಬಹುದು. ಆದರೆ ಎರಡಕ್ಕೂ ತಕ್ಕ ತರಬೇತಿ ಬೇಕು, ಎರಡರ ಮಿತಿಯೂ ತಿಳಿದಿರಬೇಕು.

ಇದಕ್ಕೆ ಹಳೆಯ ಉದಾಹರಣೆ ಜರ್ಮನಿಯ ಧರ್ಮಗುರು ಸೆಬಾಸ್ಟಿಯನ್ ಕ್ನೈಪ್ (1821-1897). ಬವೇರಿಯಾದ ವೋರಿಸ್‌ಹೋಫೆನ್‌ನಲ್ಲಿ ಸೇವೆ ಮಾಡುತ್ತಾ ಅವರು ರೋಗಿಗಳಿಗೆ ತಣ್ಣೀರಿನ ಉಪಚಾರ, ಗಿಡಮೂಲಿಕೆ, ಸರಳ ಆಹಾರ, ಬರಿಗಾಲ ನಡಿಗೆ ಹಾಗೂ ಶಿಸ್ತಿನ ದಿನಚರಿಯನ್ನು ಒಟ್ಟಿಗೆ ಹೇಳಿಕೊಟ್ಟರು. ವೈದ್ಯರಲ್ಲದವರು ಚಿಕಿತ್ಸೆ ನೀಡುತ್ತಾರೆಂಬ ದೂರುಗಳನ್ನೂ ಎದುರಿಸಿದರು. ಕ್ರಮೇಣ ವೈದ್ಯರೇ ಅವರ ಜತೆಗೂಡಿ ಕೆಲಸ ಮಾಡಿದರು. ಈ ಎರಡೂ ಸಂಗತಿಗಳಲ್ಲಿ ನಮಗೆ ಪಾಠವಿದೆ.

ಆಹಾರ ಮತ್ತು ವ್ಯಾಯಾಮ ಒಂದನ್ನೊಂದು ಬಿಟ್ಟಿರುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಂಡವರು ಬೆಳಿಗ್ಗೆ ತಿಂಡಿ ತಿನ್ನದೆ ಯೋಗ ತರಗತಿಗೆ ಬಂದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ಕೈ ನಡುಗುತ್ತದೆ, ಬೆವರುತ್ತದೆ, ಮಾತು ತಡವರಿಸುತ್ತದೆ. ಪ್ರಜ್ಞೆ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆಹಾರದ ವಿಷಯ ಬಲ್ಲ ಶಿಕ್ಷಕರು ತರಗತಿ ಆರಂಭಿಸುವ ಮೊದಲೇ, "ಏನು ತಿಂದು ಬಂದಿದ್ದೀರಿ? ಯಾವ ಔಷಧ ತೆಗೆದುಕೊಂಡಿದ್ದೀರಿ?" ಎಂದು ಕೇಳುತ್ತಾರೆ.

ವೃದ್ಧರ ವಿಷಯವೂ ಹೀಗೆಯೇ. ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆಯುವ ಅಜ್ಜಿಗೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾತ್ರ ಹೇಳಿಕೊಟ್ಟರೆ ಸಾಲದು. ಸ್ನಾಯು ಬೆಳೆಯಲು ಹೆಸರುಕಾಳು, ಮೊಟ್ಟೆ, ಬಂಗುಡೆಯಂತಹ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಪ್ರೋಟೀನ್ ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು.

ಅಂಗಮರ್ದನ, ಅಂದರೆ ಮಾಲೀಸು ಮಾಡುವವರಿಗೆ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಉಜ್ಜಿದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗಬಹುದು. ಮೂಳೆ ಸವೆದವರ ಬೆನ್ನನ್ನು ಜೋರಾಗಿ ಬಗ್ಗಿಸುವುದು, ತಿರುಚುವುದು ಸಲ್ಲದು.

ಈ ವೃತ್ತಿಗೆ ಬರಬಯಸುವ ಯುವಜನರಿಗೆ ನಮ್ಮ ಜಿಲ್ಲೆಯಲ್ಲೇ ದಾರಿಯಿದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಎಸ್.ಡಿ.ಎಂ. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜಿನಲ್ಲಿ ಬಿ.ಎನ್.ವೈ.ಎಸ್. ಪದವಿಗೆ ನಾಲ್ಕೂವರೆ ವರ್ಷ ಕಲಿಕೆ, ಒಂದು ವರ್ಷ ತರಬೇತಿ. ಪಥ್ಯ, ಯೋಗ, ಮಾಲೀಸು ಮೂರೂ ಅದರಲ್ಲಿ ಸೇರಿವೆ. ಆಹಾರ ವಿಜ್ಞಾನದ ಪದವಿ ಪಡೆದವರು ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆಗೆ ಕುಳಿತು ಯೋಗ ಕಲಿಸಲು ಅರ್ಹತೆ ಪಡೆಯಬಹುದು. ಪಥ್ಯತಜ್ಞರು ಮತ್ತು ಫಿಸಿಯೋಥೆರಪಿಯವರಿಗಾಗಿ 2021ರಲ್ಲಿ ಕೇಂದ್ರದ ಕಾನೂನೇ ಬಂದಿದೆ. ವಾರಾಂತ್ಯದ ಶಿಬಿರದಲ್ಲಿ ಸಿಕ್ಕಿದ ಪ್ರಮಾಣಪತ್ರವು ಇವುಗಳಿಗೆ ಸಮವಲ್ಲ.

ಆದುದರಿಂದ ವಾಳೆಯ ಗುರಿಕಾರರು, ಆರೋಗ್ಯ ಶಿಬಿರ ಏರ್ಪಡಿಸುವ ಸಂಘಟನೆಗಳು ಸಭಾಂಗಣ ಬಿಟ್ಟುಕೊಡುವ ಮೊದಲು ಮೂರು ಪ್ರಶ್ನೆ ಕೇಳಲಿ: ಇವರು ಏನು ಕಲಿತಿದ್ದಾರೆ? ಎಲ್ಲಿ ಕಲಿತಿದ್ದಾರೆ? ತಮಗೆ ಮೀರಿದ ರೋಗಿಯನ್ನು ಯಾರ ಬಳಿಗೆ ಕಳುಹಿಸುತ್ತಾರೆ? ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲದವರಿಗೆ, ಇಲ್ಲವೇ "ಔಷಧ ಬಿಟ್ಟುಬಿಡಿ" ಎನ್ನುವವರಿಗೆ ನಮ್ಮ ಹಿರಿಯರ ದೇಹವನ್ನು ಒಪ್ಪಿಸದಿರೋಣ. ತನ್ನ ಮಿತಿ ಅರಿತು ಎರಡನ್ನೂ ಶ್ರದ್ಧೆಯಿಂದ ಕಲಿತವರಿದ್ದರೆ ಅಂಥವರನ್ನು ಪ್ರೋತ್ಸಾಹಿಸೋಣ. ಅವರ ಸೇವೆ ನಮ್ಮ ಊರುಗಳಿಗೆ ಅಗತ್ಯವಾಗಿ ಬೇಕಾಗಿದೆ.