ಅಪ್ಪಯ್ಯನವರ ರಜೆಯ ಸಿನಿಮಾ

ಚಲನಚಿತ್ರವೆಂಬುದು ಇಂದು ಅಂಗೈಯಲ್ಲಿ ಹಿಡಿಯುವ ವಸ್ತು. ಸಚಿನ್ನಿನ ನಮ್ಮ ಹೋಟೆಲು ಬಾಂಧವರು ರಾತ್ರಿ ಬಾಗಿಲು ಹಾಕಿದ ಬಳಿಕ ಮೊಬೈಲಿನಲ್ಲೇ ಕನ್ನಡ ಚಿತ್ರಗಳನ್ನು ನೋಡುತ್ತಾರೆ. ನಮ್ಮ ಬಾಲ್ಯದಲ್ಲಾದರೋ ಅದು ವರ್ಷಕ್ಕೊಮ್ಮೆ, ಅಪ್ಪಯ್ಯನವರ ರಜೆಯೊಡನೆ ಬರುತ್ತಿದ್ದ ಹಬ್ಬ.

ಅಪ್ಪಯ್ಯನವರು ಸೂರತ್ತಿನ ಹೋಟೆಲೊಂದರಲ್ಲಿ ಚಹಾದ ಒಲೆಯ ಮುಂದೆ ನಿಂತವರು. ಕೊಂಕಣ ರೈಲು ಪೂರ್ಣವಾಗಿ ಓಡಿದ್ದು 1998ರಲ್ಲಿ. ಅದಕ್ಕೆ ಮೊದಲು ಮುಂಬಯಿಯವರೆಗೆ ರೈಲು, ಅಲ್ಲಿಂದ ಕುಂದಾಪುರಕ್ಕೆ ಬಸ್ಸು. ದೊರೆತ 15 ದಿನಗಳಲ್ಲಿ ನಾಲ್ಕು ದಾರಿಗೇ ಸಲ್ಲುತ್ತಿದ್ದವು. ಉಳಿದವುಗಳಲ್ಲಿ ಒಂದು ಸಂಜೆ ಮಾತ್ರ ಸಿನಿಮಾಕ್ಕೆ.

1992ರಲ್ಲಿ ತೆರೆಕಂಡ ‘ಜೀವನ ಚೈತ್ರ’ಕ್ಕೆ ಮನೆಮಂದಿಯೆಲ್ಲ ಹೊರಟೆವು. ಮೂರು ವರ್ಷಗಳ ಬಳಿಕ ರಾಜಕುಮಾರರು ತೆರೆಗೆ ಮರಳಿದ ಚಿತ್ರವದು. ಹಳ್ಳಿಯ ಸಾರಾಯಿ ಅಂಗಡಿಗೆ ಎದುರು ನಿಲ್ಲುವ ಪಾತ್ರ. ಅಮ್ಮ ಮಲ್ಲಿಗೆ ಮುಡಿದಿದ್ದರು. ದೀಪ ಆರಿದ ಐದು ನಿಮಿಷಕ್ಕೆ ಅಪ್ಪಯ್ಯನವರಿಗೆ ನಿದ್ದೆ! ವರ್ಷವಿಡೀ ನಸುಕಿನ ನಾಲ್ಕಕ್ಕೆ ಎದ್ದ ದೇಹ. ಎಬ್ಬಿಸಹೋದ ನಮ್ಮ ಕೈಯನ್ನು ಅಮ್ಮ ಹಿಡಿದರು: “ಮಲಗಲಿ ಬಿಡು ಮಗಾ, ಅಲ್ಲಿ ಅವರಿಗೆ ನಿದ್ದೆಯೆಲ್ಲಿ?” ರಾಜಕುಮಾರರಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದ ‘ನಾದಮಯ’ವೂ ಅವರನ್ನು ಎಚ್ಚರಿಸಲಿಲ್ಲ.

ರಜೆ ಕೊಡುವ ಧಣಿಗಳು ದಾರಿಯ ದಿನಗಳನ್ನು ಲೆಕ್ಕದಿಂದ ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಗಲ್ಲಾದಲ್ಲಿ ಕುಳಿತಿದ್ದಾಗ ನಾವೂ ಹಾಗೆಯೇ ಬಿಟ್ಟೆವು.

ಅಂದು ಮನೆಗೆ ಮರಳುವ ದಾರಿಯುದ್ದಕ್ಕೂ ಅಮ್ಮ ಅವರಿಗೆ ಕಥೆ ಹೇಳಿದರು. ಸೂರತ್ತಿನಲ್ಲಿ ಅಪ್ಪಯ್ಯನವರು ಅದನ್ನೇ ಜೊತೆಗಾರರಿಗೆ, ಕಣ್ಣಾರೆ ಕಂಡವರಂತೆ, ಒಂದು ದೃಶ್ಯವನ್ನೂ ಬಿಡದೆ ಹೇಳುತ್ತಿದ್ದರೆಂದು ಅವರ ಜೊತೆಗಾರರ ಬಾಯಿಂದಲೇ ಮುಂದೆ ಕೇಳಿದೆವು.