ಸಣ್ಣ ತಳಿಯ ನಾಯಿಗಳಲ್ಲಿ ಮಂಡಿಚಿಪ್ಪಿನ ಪಲ್ಲಟ: ರಚನೆ, ದರ್ಜೆ ಮತ್ತು ನಿತ್ಯಪಾಲನೆ

ಮನೆಯಲ್ಲಿ ಸಣ್ಣ ನಾಯಿಯನ್ನು ಸಾಕಿದವರು ಒಂದು ನೋಟವನ್ನು ಕಂಡಿರುವುದುಂಟು. ಅಂಗಳದಲ್ಲಿ ಲವಲವಿಕೆಯಿಂದ ಓಡುತ್ತಿರುವ ನಾಯಿ ಇದ್ದಕ್ಕಿದ್ದಂತೆ ಹಿಂಗಾಲೊಂದನ್ನು ಮೇಲೆತ್ತಿಕೊಳ್ಳುತ್ತದೆ. ಉಳಿದ ಮೂರು ಕಾಲುಗಳ ಮೇಲೆಯೇ ನಾಲ್ಕಾರು ಹೆಜ್ಜೆ ಕುಪ್ಪಳಿಸುತ್ತದೆ. ಎತ್ತಿದ ಕಾಲನ್ನು ಒಮ್ಮೆ ಹಿಂದಕ್ಕೆ ಚಾಚಿ ಒದರಿ, ಮತ್ತೆ ನೆಲಕ್ಕೂರಿ, ಏನೂ ನಡೆದಿಲ್ಲವೆಂಬಂತೆ ಓಟವನ್ನು ಮುಂದುವರಿಸುತ್ತದೆ. ಅದು ಕೂಗುವುದಿಲ್ಲ, ನರಳುವುದಿಲ್ಲ. ನೋಡಿದವರಲ್ಲಿ ಕೆಲವರು ಇದನ್ನು ನಾಯಿಯ ವಿನೋದವೆಂದು ನಗುತ್ತಾರೆ. ಕೆಲವರು ಮುಳ್ಳು ಚುಚ್ಚಿರಬೇಕೆಂದು ಅಂಗಾಲನ್ನು ಹುಡುಕುತ್ತಾರೆ. ಮತ್ತೆ ಕೆಲವರು ಕಾಲು ಮುರಿಯಿತೆಂದು ಗಾಬರಿಗೊಳ್ಳುತ್ತಾರೆ. ಸಣ್ಣ ತಳಿಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತಿದ್ದರೆ, ಈ ಮೂರು ಊಹೆಗಳಿಗಿಂತ ಮೊದಲು ಎಣಿಸಬೇಕಾದ ಕಾರಣ ಮತ್ತೊಂದಿದೆ. ಮಂಡಿಚಿಪ್ಪು ತನ್ನ ಜಾಡನ್ನು ಬಿಟ್ಟು ಪಕ್ಕಕ್ಕೆ ಜಾರಿ, ಪುನಃ ತನ್ನ ಸ್ಥಾನಕ್ಕೆ ಮರಳಿದೆ ಎಂಬುದೇ ಅದು.

ಈ ದೋಷ ಪ್ರಾಣಾಂತಕವಲ್ಲ. ಆದರೆ ಕಡೆಗಣಿಸತಕ್ಕದ್ದೂ ಅಲ್ಲ. ಎಷ್ಟೋ ನಾಯಿಗಳು ಶಸ್ತ್ರಚಿಕಿತ್ಸೆಯಿಲ್ಲದೆಯೇ ಇದರೊಡನೆ ಸುಖವಾಗಿ ಆಯುಸ್ಸನ್ನು ಕಳೆಯುತ್ತವೆ. ಮತ್ತೆ ಕೆಲವು, ಸಕಾಲದಲ್ಲಿ ಆರೈಕೆ ದೊರೆಯದೆ, ನಡುವಯಸ್ಸಿಗೇ ಕುಂಟಾಗುತ್ತವೆ. ಈ ಎರಡು ಗತಿಗಳ ನಡುವಣ ಅಂತರ ಬಹುಪಾಲು ದೋಷದ ದರ್ಜೆಯನ್ನೂ ಮನೆಯವರ ತಿಳಿವಳಿಕೆಯನ್ನೂ ಅವಲಂಬಿಸಿದೆ. ಆದ್ದರಿಂದ ಮಂಡಿಯ ರಚನೆ, ಪಲ್ಲಟದ ಕಾರಣ, ಅದರ ದರ್ಜೆಗಳು ಮತ್ತು ನಿತ್ಯಪಾಲನೆಯ ಕ್ರಮ ಇವುಗಳನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

೧. ಮಂಡಿಯ ರಚನೆ

ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿರುವ ಗಂಟನ್ನು ಮಂಡಿಯೆಂದು ಹಲವರು ಭಾವಿಸುತ್ತಾರೆ. ಅದು ಮಂಡಿಯಲ್ಲ, ಹಿಮ್ಮಡಿ. ನಾಯಿ ಬೆರಳುಗಳ ಮೇಲೆ ನಡೆಯುವ ಪ್ರಾಣಿಯಾದುದರಿಂದ ಅದರ ಹಿಮ್ಮಡಿ ನೆಲವನ್ನು ಮುಟ್ಟದೆ ಮೇಲಿರುತ್ತದೆ. ನಿಜವಾದ ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಯ ಅಂಚಿನ ಬಳಿ, ನಮ್ಮ ಮಂಡಿಯಂತೆಯೇ ಮುಂದಕ್ಕೆ ಮುಖಮಾಡಿದೆ.

ತೊಡೆಯ ಮುಂಭಾಗದಲ್ಲಿರುವ ಬಲವಾದ ಚತುಶ್ಶಿರ ಸ್ನಾಯು ಮಂಡಿಯನ್ನು ನೀಡುವ ಕಾರ್ಯವನ್ನು ಮಾಡುತ್ತದೆ. ಈ ಸ್ನಾಯು ಕೆಳಗಿಳಿಯುತ್ತ ಗಟ್ಟಿಯಾದ ರಜ್ಜುವಾಗಿ, ಮಂಡಿಯ ಮುಂದೆ ಹಾದು, ಕಣಕಾಲಿನ ಎಲುಬಿನ ಮೇಲ್ತುದಿಯಲ್ಲಿ ಮುಂದಕ್ಕೆ ಉಬ್ಬಿರುವ ಗುಬುಟಿಗೆ ಅಂಟಿಕೊಳ್ಳುತ್ತದೆ. ಈ ರಜ್ಜುವಿನ ಒಡಲಲ್ಲಿಯೇ ಹುದುಗಿರುವ ಸಣ್ಣ ಎಲುಬಿನ ಬಿಲ್ಲೆಯೇ ಮಂಡಿಚಿಪ್ಪು. ತೊಡೆಯೆಲುಬಿನ ಕೆಳತುದಿಯಲ್ಲಿ ಎರಡು ಏಣುಗಳ ನಡುವೆ ಒಂದು ನುಣುಪಾದ ತೋಡಿದೆ. ಮಂಡಿಯನ್ನು ಮಡಿಸಿ ನೀಡಿದಾಗಲೆಲ್ಲ ಚಿಪ್ಪು ಈ ತೋಡಿನಲ್ಲಿ ಕೆಳಕ್ಕೂ ಮೇಲಕ್ಕೂ ಸರಿದಾಡುತ್ತದೆ. ತೋಡಿನ ಮೈಗೂ ಚಿಪ್ಪಿನ ಒಳಮೈಗೂ ಮೃದ್ವಸ್ಥಿಯ ಹೊದಿಕೆಯಿರುವುದರಿಂದ ಈ ಚಲನೆ ಸಲೀಸಾಗಿ ನಡೆಯುತ್ತದೆ.

ಬಾವಿಯ ರಾಟೆಯನ್ನು ನೆನೆದರೆ ಈ ಏರ್ಪಾಡು ಸುಲಭವಾಗಿ ಮನವರಿಕೆಯಾಗುತ್ತದೆ. ಸ್ನಾಯುರಜ್ಜುವೇ ಹಗ್ಗ, ತೊಡೆಯೆಲುಬಿನ ತೋಡೇ ರಾಟೆಯ ಗಾಲಿಯಲ್ಲಿರುವ ಜಾಡು. ಸೇದುವವನು ನೆಟ್ಟಗೆ ನಿಂತು, ಜಾಡು ಆಳವಾಗಿದ್ದು, ಕೊಡ ನೇರವಾಗಿ ಕೆಳಗಿದ್ದರೆ ಹಗ್ಗ ಎಂದಿಗೂ ಜಾರದು. ಎಳೆತ ಓರೆಯಾದರೆ, ಅಥವಾ ಜಾಡು ಸವೆದಿದ್ದರೆ, ಹಗ್ಗ ಗಾಲಿಯಿಂದ ಪಕ್ಕಕ್ಕೆ ಹಾರಿ ಸಿಕ್ಕಿಕೊಳ್ಳುತ್ತದೆ. ಆಗ ಎಷ್ಟು ಜಗ್ಗಿದರೂ ಕೊಡ ಮೇಲೇರದು. ಚಿಪ್ಪು ಜಾರಿದ ನಾಯಿ ಕಾಲನ್ನು ಊರಲಾರದೆ ಎತ್ತಿಕೊಳ್ಳುವುದಕ್ಕೆ ಇದೇ ಕಾರಣ. ಅದು ಕಾಲನ್ನು ಹಿಂದಕ್ಕೆ ಚಾಚಿ ಒದರುವಾಗ ಹಗ್ಗ ಮತ್ತೆ ಜಾಡಿಗೆ ಬೀಳುತ್ತದೆ.

೨. ಚಿಪ್ಪು ಜಾರುವುದೇಕೆ?

ಬಿದ್ದು ಪೆಟ್ಟಾದುದರಿಂದ ಚಿಪ್ಪು ಜಾರುವುದುಂಟು. ಆದರೆ ಅಂಥ ಪ್ರಸಂಗಗಳು ಕಡಿಮೆ. ಹೆಚ್ಚಿನವುಗಳಲ್ಲಿ ದೋಷದ ಬೀಜ ಹುಟ್ಟಿನಲ್ಲಿಯೇ ಇದ್ದು, ಬೆಳವಣಿಗೆಯೊಡನೆ ಪ್ರಕಟವಾಗುತ್ತದೆ. ಮರಿ ಹುಟ್ಟಿದಾಗ ಚಿಪ್ಪು ತನ್ನ ಸ್ಥಾನದಲ್ಲಿಯೇ ಇರಬಹುದು. ಆದರೆ ಹಿಂಗಾಲಿನ ಎಲುಬುಗಳ ಜೋಡಣೆಯಲ್ಲಿ ಸಣ್ಣದೊಂದು ಓರೆ ಆಗಲೇ ಇರುತ್ತದೆ. ಇದರಿಂದ ಸ್ನಾಯುವಿನ ಎಳೆತ ನೇರವಾಗಿರದೆ ಒಳಮಗ್ಗುಲಿಗೆ ವಾಲುತ್ತದೆ. ಸಣ್ಣ ತಳಿಗಳಲ್ಲಿ ಚಿಪ್ಪು ಬಹುಮಟ್ಟಿಗೆ ಒಳಮಗ್ಗುಲಿಗೇ ಜಾರುವುದಕ್ಕೆ ಇದು ಕಾರಣ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತೊಡೆಯೆಲುಬಿನ ತೋಡು ಮೊದಲೇ ಕಡೆದಿಟ್ಟ ಸಿದ್ಧವಸ್ತುವಲ್ಲ. ಬೆಳೆಯುವ ಮರಿಯಲ್ಲಿ ಚಿಪ್ಪಿನ ಒತ್ತಡವೇ ಆ ತೋಡನ್ನು ಆಳಗೊಳಿಸುತ್ತ ಹೋಗುತ್ತದೆ. ಚಿಪ್ಪು ಪದೇ ಪದೇ ಹೊರಗುಳಿದರೆ ಒತ್ತಡವಿಲ್ಲದ ತೋಡು ಆಳವಾಗುವುದಿಲ್ಲ. ತೋಡು ಆಳವಾಗದಿದ್ದರೆ ಚಿಪ್ಪು ಇನ್ನಷ್ಟು ಸುಲಭವಾಗಿ ಜಾರುತ್ತದೆ. ಜೊತೆಗೆ ಓರೆಯಾದ ಎಳೆತಕ್ಕೆ ಸಿಕ್ಕ ಎಳೆಯ ಎಲುಬುಗಳು ತಾವೂ ಬಾಗುತ್ತವೆ. ಕಣಕಾಲಿನ ಎಲುಬು ಒಳಕ್ಕೆ ತಿರುಚಿಕೊಳ್ಳುತ್ತದೆ. ಹೀಗೆ ಕಾರ್ಯವೇ ಕಾರಣವಾಗಿ ದೋಷ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಆದ್ದರಿಂದ ಇದನ್ನು ಚಿಪ್ಪೊಂದರ ರೋಗವೆನ್ನುವುದಕ್ಕಿಂತ ಇಡೀ ಹಿಂಗಾಲಿನ ಜೋಡಣೆಯ ದೋಷವೆನ್ನುವುದು ಯುಕ್ತ.

ಇದು ಯಾವ ತಳಿಗಳಲ್ಲಿ ಹೆಚ್ಚು? ಇಂಗ್ಲೆಂಡಿನ ಪಶುಚಿಕಿತ್ಸಾಲಯಗಳಲ್ಲಿ ೨ ಲಕ್ಷ ೧೦ ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ ೧.೩ರಷ್ಟು ನಾಯಿಗಳಲ್ಲಿ ಈ ದೋಷ ಕಂಡುಬಂದಿತು. ಮಿಶ್ರತಳಿಯ ನಾಯಿಗಳೊಡನೆ ಹೋಲಿಸಿದಾಗ ಪಾಮೆರೇನಿಯನ್ ತಳಿಯ ಸಾಧ್ಯತಾನುಪಾತ ಸುಮಾರು ೬.೫ ಪಟ್ಟು ಇದ್ದು, ಎಲ್ಲಕ್ಕಿಂತ ಮುಂದಿತ್ತು. ಚಿಹುವಾಹುವಾ, ಯಾರ್ಕ್‌ಷೈರ್ ಟೆರಿಯರ್, ಫ್ರೆಂಚ್ ಬುಲ್‌ಡಾಗ್ ತಳಿಗಳು ಅದರ ಹಿಂದೆ ಬಂದವು.

ಪಾಮೆರೇನಿಯನ್ನಿನ ಚರಿತ್ರೆ ಇಲ್ಲಿ ಪ್ರಸ್ತುತವಾದುದು. ಬಾಲ್ಟಿಕ್ ಸಮುದ್ರದ ದಕ್ಷಿಣ ತೀರದ ಪಾಮೆರೇನಿಯ ಪ್ರಾಂತದ ಹೆಸರನ್ನು ಹೊತ್ತ ಈ ನಾಯಿಯ ಪೂರ್ವಿಕರು ಇಂದಿನವಕ್ಕಿಂತ ಹಲವು ಪಟ್ಟು ಭಾರವಾಗಿದ್ದರು. ವಿಕ್ಟೋರಿಯಾ ರಾಣಿ ೧೮೮೮ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ಸಣ್ಣ ಗಾತ್ರದ ನಾಯಿಯನ್ನು ತಂದ ಮೇಲೆ ಸಣ್ಣವಕ್ಕೆ ಮನ್ನಣೆ ಬೆಳೆಯಿತು. ಇಂದು ಇಂಗ್ಲೆಂಡಿನ ಕೆನಲ್ ಕ್ಲಬ್ ಆದರ್ಶವೆಂದು ಹೇಳುವ ತೂಕ ಗಂಡಿಗೆ ೧.೮ರಿಂದ ೨ ಕಿಲೋಗ್ರಾಂ, ಹೆಣ್ಣಿಗೆ ೨ರಿಂದ ೨.೫ ಕಿಲೋಗ್ರಾಂ ಮಾತ್ರ. ಅಲ್ಪಗಾತ್ರವೊಂದೇ ಈ ದೋಷಕ್ಕೆ ಕಾರಣವೆನ್ನುವಂತಿಲ್ಲ. ಅನೇಕ ಜೀನುಗಳು ಇದರಲ್ಲಿ ಪಾಲುಗೊಂಡಿವೆ. ಆದರೆ ಆಕಾರವನ್ನೂ ಅಂದವನ್ನೂ ನೋಡಿ ಸಂತಾನಕ್ಕೆ ಆರಿಸುವವರು ಮಂಡಿಯನ್ನು ನೋಡದೆ ಹೋದರೆ, ದೋಷವೂ ಅಂದದೊಡನೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ನಮ್ಮ ಊರುಗಳಲ್ಲಿ ಪಾಮೆರೇನಿಯನ್ ಎಂಬ ಹೆಸರಿನಿಂದ ಕರೆಯುವ ಬಿಳಿಯ ನಾಯಿಗಳಲ್ಲಿ ಅನೇಕವು ವಾಸ್ತವವಾಗಿ ಅದಕ್ಕಿಂತ ದೊಡ್ಡದಾದ ಇಂಡಿಯನ್ ಸ್ಪಿಟ್ಸ್ ಬಗೆಯವು. ಹೆಸರು ಯಾವುದೇ ಇರಲಿ, ಸಣ್ಣ ನಾಯಿಯ ಮಂಡಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು.

೩. ನಾಲ್ಕು ದರ್ಜೆಗಳು

೧೯೬೮ರಲ್ಲಿ ಪುಟ್ನಮ್ ರೂಪಿಸಿ, ೧೯೬೯ರಲ್ಲಿ ಸಿಂಗಲ್ಟನ್ ಅಳವಡಿಸಿಕೊಂಡ ವಿಂಗಡಣೆಯನ್ನೇ ಪಶುವೈದ್ಯರು ಇಂದಿಗೂ ಬಳಸುತ್ತಾರೆ.

ಮೊದಲನೆಯ ದರ್ಜೆಯಲ್ಲಿ ಚಿಪ್ಪು ತನ್ನ ಸ್ಥಾನದಲ್ಲಿರುತ್ತದೆ. ವೈದ್ಯರು ಕೈಯಿಂದ ಒತ್ತಿದರೆ ಜಾರುತ್ತದೆ, ಕೈ ಬಿಟ್ಟೊಡನೆ ಮರಳುತ್ತದೆ. ಇಂಥ ನಾಯಿ ಕುಂಟುವುದು ಅಪರೂಪ. ಎರಡನೆಯ ದರ್ಜೆಯಲ್ಲಿ ಚಿಪ್ಪು ತಾನಾಗಿಯೇ ಆಗಾಗ ಜಾರಿ, ಕಾಲನ್ನು ನೀಡುವವರೆಗೆ ಅಥವಾ ಕೈಯಿಂದ ಸರಿಪಡಿಸುವವರೆಗೆ ಹೊರಗಿರುತ್ತದೆ. ಆರಂಭದಲ್ಲಿ ವರ್ಣಿಸಿದ ಕುಪ್ಪಳಿಸುವ ನಡೆ ಈ ದರ್ಜೆಯ ಮುಖ್ಯ ಲಕ್ಷಣ. ಮೂರನೆಯ ದರ್ಜೆಯಲ್ಲಿ ಚಿಪ್ಪು ಹೆಚ್ಚು ಹೊತ್ತು ಹೊರಗೇ ಇರುತ್ತದೆ. ಕೈಯಿಂದ ಸ್ಥಾನಕ್ಕೆ ತಂದರೂ ಒಡನೆಯೇ ಜಾರುತ್ತದೆ. ನಾಲ್ಕನೆಯದರಲ್ಲಿ ಅದು ಶಾಶ್ವತವಾಗಿ ಹೊರಗಿದ್ದು, ಕೈಯಿಂದ ಮರಳಿಸಲು ಬರುವುದಿಲ್ಲ; ಎಲುಬುಗಳು ಬಾಗಿ, ನಾಯಿ ಮಂಡಿಗಳನ್ನು ಪೂರ್ತಿ ನೀಡಲಾರದೆ ಕುಕ್ಕರಿಸಿದಂತೆ ನಡೆಯುತ್ತದೆ.

ವಿಚಿತ್ರವೆಂದರೆ, ಎರಡನೆಯ ದರ್ಜೆಯ ನಾಯಿಯ ಕುಪ್ಪಳಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ; ಎರಡೂ ಕಾಲುಗಳಲ್ಲಿ ಮೂರನೆಯ ದರ್ಜೆಯ ದೋಷವಿರುವ ನಾಯಿ ಕುಪ್ಪಳಿಸದೆ ಒಂದೇ ಸಮನೆ ನಡೆಯುವುದರಿಂದ ಮನೆಯವರಿಗೆ ಅನುಮಾನವೇ ಬಾರದಿರಬಹುದು. ಆದ್ದರಿಂದ ಕುಪ್ಪಳಿಸುವುದು ನಿಂತಿತೆಂದ ಮಾತ್ರಕ್ಕೆ ಗುಣವಾಯಿತೆಂದು ತಿಳಿಯಬಾರದು.

೪. ಮೌನವೂ ನೋವೂ

ನಾಯಿ ಕೂಗದಿದ್ದರೆ ನೋವಿಲ್ಲವೆಂಬ ಭಾವನೆ ಎಲ್ಲೆಡೆ ಇದೆ. ಇದು ಸರಿಯಲ್ಲ. ಚಿಪ್ಪು ಏಣನ್ನು ದಾಟಿ ಹೋಗುವಾಗಲೂ ಬರುವಾಗಲೂ ಮೃದ್ವಸ್ಥಿ ಉಜ್ಜಿ ಸವೆಯುತ್ತದೆ. ಸವೆದ ಕೀಲಿನಲ್ಲಿ ಕ್ರಮೇಣ ಸಂಧಿವಾತ ನೆಲೆಸುತ್ತದೆ. ದೀರ್ಘಕಾಲದ ನೋವಿನ ಭಾಷೆ ಕೂಗಲ್ಲ, ವರ್ತನೆಯ ಬದಲಾವಣೆ. ಮೊದಲು ಹಾರಿ ಏರುತ್ತಿದ್ದ ಕುರ್ಚಿಯ ಮುಂದೆ ನಿಂತು ಮುಖ ನೋಡುವುದು, ಮೆಟ್ಟಿಲಿನ ಬಳಿ ತಡೆಯುವುದು, ಮಂಡಿಯನ್ನು ನೆಕ್ಕುವುದು, ಎದ್ದ ಕೂಡಲೆ ಬಿಗಿದ ಹೆಜ್ಜೆ ಇಡುವುದು, ಎತ್ತಿಕೊಳ್ಳಲು ಹೋದರೆ ಸಿಡುಕುವುದು ಇವೆಲ್ಲ ಅದರ ಲಕ್ಷಣಗಳು. ವರ್ಷಗಟ್ಟಲೆ ಆಗಾಗ ಕುಪ್ಪಳಿಸುತ್ತಿದ್ದ ನಾಯಿ ಒಂದು ದಿನ ಕಾಲನ್ನು ಊರುವುದನ್ನೇ ಬಿಟ್ಟರೆ, ಮಂಡಿಯೊಳಗಿನ ಮುಂದಿನ ಅಡ್ಡರಜ್ಜು ಹರಿದಿರುವ ಸಂಭವವುಂಟು. ಆಗ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಬಾರದು.

೫. ನಿತ್ಯಪಾಲನೆ

ಕೆಳಗಿನ ದರ್ಜೆಗಳಲ್ಲಿ ನಿತ್ಯಪಾಲನೆಯೇ ಮುಖ್ಯ ಚಿಕಿತ್ಸೆ. ಅದರಲ್ಲಿ ಮೊದಲ ಸ್ಥಾನ ತೂಕಕ್ಕೆ. ೩ ಕಿಲೋಗ್ರಾಂ ಇರಬೇಕಾದ ನಾಯಿಗೆ ೩೦೦ ಗ್ರಾಂ ಹೆಚ್ಚಾದರೆ ಅದು ಹತ್ತನೆಯ ಒಂದು ಪಾಲು. ೬೦ ಕಿಲೋಗ್ರಾಂ ತೂಗುವ ಮನುಷ್ಯ ೬ ಕಿಲೋಗ್ರಾಂ ಹೊರೆಯನ್ನು ಹಗಲಿರುಳು ಹೊತ್ತಂತೆ. ಊಟದ ಹೊತ್ತಿಗೆ ಮನೆಮಂದಿಯೆಲ್ಲ ಒಂದೊಂದು ತುತ್ತು ಹಾಕುವಲ್ಲಿ ಈ ೩೦೦ ಗ್ರಾಂ ಸೇರುವುದು ಕಷ್ಟವಲ್ಲ. ೪೮ ಲ್ಯಾಬ್ರಡಾರ್ ಮರಿಗಳನ್ನು ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಜೀವಮಾನವೆಲ್ಲ ಗಮನಿಸಿದ ಅಧ್ಯಯನವೊಂದು ೨೦೦೨ರಲ್ಲಿ ಪ್ರಕಟವಾಯಿತು. ಮಿತವಾಗಿ ತಿಂದವು ಸುಮಾರು ೧.೮ ವರ್ಷ ಹೆಚ್ಚು ಬಾಳಿದವು; ಅವುಗಳ ಕೀಲುಗಳಿಗೆ ಚಿಕಿತ್ಸೆ ಬೇಕಾದದ್ದೂ ತಡವಾಗಿ. ತಳಿ ಬೇರೆಯಾದರೂ ತತ್ವ ಒಂದೇ. ಪಕ್ಕೆಲುಬುಗಳು ಕಣ್ಣಿಗೆ ಎದ್ದುಕಾಣದೆ, ಬೆರಳಿಗೆ ಸುಲಭವಾಗಿ ತಗಲುವಂತಿರುವುದು ಯೋಗ್ಯ ತೂಕದ ಗುರುತು. ದಟ್ಟವಾದ ಕೂದಲು ಕಣ್ಣನ್ನು ವಂಚಿಸುವುದರಿಂದ ಮುಟ್ಟಿಯೇ ನೋಡಬೇಕು.

ಎರಡನೆಯದು ನೆಲ. ಇಂದಿನ ಮನೆಗಳ ಗ್ರಾನೈಟ್, ಮೊಸಾಯಿಕ್, ಟೈಲ್ಸ್ ನೆಲಗಳು ನೋಡಲು ಚೆನ್ನ. ನಾಯಿಯ ಕಾಲಿಗೆ ಹಿಡಿತ ಕೊಡುವುದಿಲ್ಲ. ಜಾರುವ ಕಾಲು ತಿರುಚುತ್ತದೆ. ತಿರುಚಿದ ಕಾಲಿನಲ್ಲಿ ಚಿಪ್ಪು ತಪ್ಪುತ್ತದೆ. ನಾಯಿ ಓಡಾಡುವ ದಾರಿಯಲ್ಲಿ ಜಮಖಾನವನ್ನೋ ಸರಿದಾಡದ ನಾರಿನ ಚಾಪೆಯನ್ನೋ ಹಾಸುವುದು, ಅಂಗಾಲಿನ ನಡುವೆ ಬೆಳೆದ ಕೂದಲನ್ನೂ ಉಗುರನ್ನೂ ಕತ್ತರಿಸುವುದು ಅಲ್ಪ ವೆಚ್ಚದ, ಬಹು ಫಲದ ಕ್ರಮಗಳು.

ಮಂಚ, ಸೋಫಾಗಳಿಂದ ಧುಮುಕುವುದನ್ನು ತಪ್ಪಿಸಬೇಕು. ಹತ್ತಿರ ತಗ್ಗಾದ ಮಣೆಯನ್ನೋ ಇಳಿಜಾರು ಹಲಗೆಯನ್ನೋ ಇಟ್ಟರೆ ನಾಯಿ ಬೇಗ ರೂಢಿಮಾಡಿಕೊಳ್ಳುತ್ತದೆ. ಎತ್ತಿಕೊಳ್ಳುವಾಗ ಮುಂಗಾಲುಗಳನ್ನು ಹಿಡಿದು ಮೇಲೆಳೆಯದೆ, ಒಂದು ಕೈಯನ್ನು ಎದೆಯ ಕೆಳಗೂ ಮತ್ತೊಂದನ್ನು ಹಿಂಭಾಗದ ಕೆಳಗೂ ಕೊಡಬೇಕು. ಹಾಗೆಂದು ನಾಯಿಯನ್ನು ಕೂಡಿಹಾಕಬಾರದು. ಚತುಶ್ಶಿರ ಸ್ನಾಯು ಬಲವಾಗಿದ್ದಷ್ಟೂ ಮಂಡಿಗೆ ಆಸರೆ ಹೆಚ್ಚು; ವ್ಯಾಯಾಮವಿಲ್ಲದೆ ಆ ಸ್ನಾಯು ಸೊರಗುತ್ತದೆ. ಪ್ರತಿದಿನ ಹಗ್ಗ ಹಿಡಿದು ಸಮನೆಲದ ಮೇಲೆ ಮಿತವಾಗಿ ನಡೆಸುವುದು ಹಿತ. ಏಳು ದಿನಕ್ಕೊಮ್ಮೆ ದಣಿಯುವಷ್ಟು ಓಡಿಸುವುದು ಅಹಿತ.

ಒಂದು ಎಚ್ಚರಿಕೆಯನ್ನು ಒತ್ತಿಹೇಳಬೇಕಾಗಿದೆ. ಮನುಷ್ಯರಿಗಾಗಿ ಮನೆಯಲ್ಲಿಟ್ಟ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಐಬುಪ್ರೊಫೆನ್‌ನಂಥ ಔಷಧಿಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣನ್ನುಂಟುಮಾಡಿ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ವಿಷ. ೩ ಕಿಲೋಗ್ರಾಂ ದೇಹದಲ್ಲಿ ಪ್ರಮಾಣ ಮೀರಲು ಒಂದೇ ಮಾತ್ರೆ ಸಾಕು. ಮಂಡಿ ಕೊಲ್ಲದ ನಾಯಿಯನ್ನು ಮರುಕದ ಕೈ ಕೊಲ್ಲಬಾರದು.

ಕುಪ್ಪಳಿಸಿದ ದಿನಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತುಹಾಕುತ್ತ ಬಂದರೆ, ದೋಷ ನಿಂತಲ್ಲೇ ನಿಂತಿದೆಯೋ ಮುಂದುವರಿಯುತ್ತಿದೆಯೋ ಎಂಬುದಕ್ಕೆ ವೈದ್ಯರಿಗೆ ಒಳ್ಳೆಯ ಸಾಕ್ಷ್ಯ ದೊರೆಯುತ್ತದೆ.

೬. ಶಸ್ತ್ರಚಿಕಿತ್ಸೆ

ಮೊದಲನೆಯ ದರ್ಜೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಎರಡನೆಯದರಲ್ಲಿ ಕುಂಟುವಿಕೆ ಹೆಚ್ಚುತ್ತಿದ್ದರೆ, ಮೂರನೆಯ ಮತ್ತು ನಾಲ್ಕನೆಯವುಗಳಲ್ಲಿ ಬಹುಮಟ್ಟಿಗೆ, ಅದನ್ನು ಸೂಚಿಸುತ್ತಾರೆ. ತೋಡನ್ನು ಆಳಗೊಳಿಸುವುದು, ಕಣಕಾಲಿನ ಎಲುಬಿನ ಗುಬುಟನ್ನು ಕತ್ತರಿಸಿ ಎಳೆತ ನೇರವಾಗುವಂತೆ ಹೊರಮಗ್ಗುಲಿಗೆ ಸರಿಸಿ ಸಣ್ಣ ತಂತಿಗಳಿಂದ ನಿಲ್ಲಿಸುವುದು, ಬಿಗಿದ ಒಳಮಗ್ಗುಲನ್ನು ಸಡಿಲಿಸಿ ಸಡಿಲವಾದ ಹೊರಮಗ್ಗುಲನ್ನು ಬಿಗಿಗೊಳಿಸುವುದು ಇವು ಇದರ ಅಂಗಗಳು. ತೊಡೆಯೆಲುಬು ಬಹಳ ಬಾಗಿದ್ದರೆ ಅದನ್ನೂ ಕತ್ತರಿಸಿ ನೆಟ್ಟಗಾಗಿಸಬೇಕಾಗುತ್ತದೆ. ರಾಟೆಯ ಹೋಲಿಕೆಯಲ್ಲಿ ಹೇಳುವುದಾದರೆ, ಕಂಬ ವಾಲಿರುವಾಗ ಜಾಡನ್ನು ಮಾತ್ರ ಕೆತ್ತಿದರೆ ಹಗ್ಗ ನಿಲ್ಲದು. ಎಳೆಯ ಮರಿಯಲ್ಲಿ ತೀವ್ರ ದೋಷ ಕಂಡರೆ ಬೆಳವಣಿಗೆ ಮುಗಿಯುವವರೆಗೆ ಕಾಯುವುದು ನಷ್ಟಕರ. ಕಾದಷ್ಟೂ ಎಲುಬು ಬಾಗುತ್ತದೆ. ಚಿಕಿತ್ಸೆಯ ಅನಂತರ ಆರರಿಂದ ಎಂಟು ವಾರಗಳ ಕಾಲ ನಾಯಿಯನ್ನು ಓಡಲು, ಹಾರಲು ಬಿಡದೆ ಕಾಯುವ ಹೊಣೆ ಮನೆಯವರದು. ಶಸ್ತ್ರವೈದ್ಯರ ಕೌಶಲದಷ್ಟೇ ಈ ವಾರಗಳ ತಾಳ್ಮೆಯೂ ಫಲವನ್ನು ನಿರ್ಣಯಿಸುತ್ತದೆ.

೭. ಉಪಸಂಹಾರ

ಶಸ್ತ್ರಚಿಕಿತ್ಸೆ ಒಂದು ನಾಯಿಯ ಕಾಲನ್ನು ನೇರಗೊಳಿಸಬಹುದು. ಅದರ ಬೀಜವನ್ನು ನೇರಗೊಳಿಸಲಾರದು. ಗುಣಹೊಂದಿ ಚೆನ್ನಾಗಿ ನಡೆಯುವ ನಾಯಿಯೂ ದೋಷವನ್ನು ಮರಿಗಳಿಗೆ ಹಂಚಬಲ್ಲದು. ಆದ್ದರಿಂದ ಪಲ್ಲಟ ಕಂಡುಬಂದ ನಾಯಿಯಿಂದ ಮರಿ ಪಡೆಯದಿರುವುದೇ ಉಚಿತ. ೧೯೬೬ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್ ಸಂಸ್ಥೆ, ವರ್ಷ ತುಂಬಿದ ನಾಯಿಗಳ ಮಂಡಿಪರೀಕ್ಷೆಯ ಫಲಿತಾಂಶಗಳನ್ನು ದಾಖಲಿಸಿಡುತ್ತದೆ. ಈ ಪರೀಕ್ಷೆಗೆ ಬೇಕಾದುದು ಅನುಭವಿ ವೈದ್ಯರ ಎರಡು ಕೈಗಳು ಮಾತ್ರ; ದುಬಾರಿ ಯಂತ್ರವಲ್ಲ. ಮರಿಯನ್ನು ಕೊಳ್ಳುವವರು ಅದರ ಬಣ್ಣವನ್ನು ಕೇಳುವಂತೆ ತಾಯಿತಂದೆಗಳ ಮಂಡಿಯನ್ನೂ ಕೇಳುವ ರೂಢಿ ನಮ್ಮಲ್ಲಿ ಬಂದರೆ, ಮಾರುವವರೂ ಅದನ್ನು ಗಮನಿಸದೆ ಇರಲಾರರು.

ಮನುಷ್ಯ ತನ್ನ ಸಂತೋಷಕ್ಕಾಗಿ ನಾಯಿಯನ್ನು ಮಡಿಲಿನ ಅಳತೆಗೆ ಇಳಿಸಿಕೊಂಡಿದ್ದಾನೆ. ಆ ಮಡಿಲಿನಿಂದ ಅದು ಕೆಳಗಿಳಿದಾಗ ನೋವಿಲ್ಲದೆ ನಡೆಯುವಂತೆ ನೋಡಿಕೊಳ್ಳುವುದೂ ಅವನ ಹೊಣೆಯೇ ಆಗಿದೆ.