ಬಳಸಿದ ವಸ್ತುಗಳ ಮರುಮಾರಾಟ: ಪೂರಕ ಆದಾಯದ ಒಂದು ಮಾರ್ಗ

ನಗರದ ಮಧ್ಯಮ ವರ್ಗದ ಮನೆಗಳಲ್ಲಿ ದಿನನಿತ್ಯ ಕೈಗೆ ಬರುವ ವಸ್ತುಗಳ ಜೊತೆಗೆ ಅಟ್ಟವನ್ನೋ ಮಂಚದ ಕೆಳಭಾಗವನ್ನೋ ಸೇರಿದ ವಸ್ತುಗಳೂ ಸಾಕಷ್ಟಿರುತ್ತವೆ. ಮಗು ಬೆಳೆದ ಮೇಲೆ ಉಳಿದ ಸಣ್ಣ ಸೈಕಲ್ಲು, ಹೊಸದು ಬಂದ ಮೇಲೆ ಬದಿಗಿಟ್ಟ ಮಿಕ್ಸಿ, ಪರೀಕ್ಷೆ ಮುಗಿದ ಮೇಲೆ ಯಾರೂ ತೆರೆಯದ ಪಠ್ಯಪುಸ್ತಕಗಳು ಈ ಗುಂಪಿಗೆ ಸೇರುತ್ತವೆ. ಇವುಗಳನ್ನು ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟರೆ ದೊರೆಯುವ ಹಣ ಅತ್ಯಲ್ಪ. ಆದರೆ ಅದೇ ಬಡಾವಣೆಯ ಮತ್ತೊಂದು ಮನೆಯಲ್ಲಿ ಅದೇ ವಸ್ತುವಿನ ಅಗತ್ಯ ಇರಬಹುದು. ಈ ಎರಡು ಮನೆಗಳನ್ನು ಮೊಬೈಲ್ ಫೋನಿನ ಮೂಲಕ ಜೋಡಿಸಿ ನ್ಯಾಯವಾದ ಲಾಭ ಪಡೆಯುವುದೇ ಸ್ಥಳೀಯ ಆನ್‌ಲೈನ್ ಮರುಮಾರಾಟ. ಗೃಹಿಣಿಯರು, ನಿವೃತ್ತರು ಮತ್ತು ಕಾಲೇಜು ವಿದ್ಯಾರ್ಥಿಗಳು ಅಲ್ಪ ಬಂಡವಾಳದಿಂದ ಇದನ್ನು ಆರಂಭಿಸಬಹುದು. ಆದರೆ ಎಚ್ಚರ ತಪ್ಪಿದಲ್ಲಿ ಗಳಿಸಿದ್ದರ ಜೊತೆಗೆ ಉಳಿತಾಯವೂ ಕೈಬಿಡುವ ಅಪಾಯ ಇದರಲ್ಲಿದೆ. ಆದುದರಿಂದ ಇದರ ಕ್ರಮವನ್ನೂ ಕಾನೂನನ್ನೂ ಮೊದಲೇ ಅರಿತಿರುವುದು ಅವಶ್ಯಕ.

ಹಳೆಯ ಪೇಟೆ, ಹೊಸ ಮಾಧ್ಯಮ

ಬಳಸಿದ ವಸ್ತುಗಳ ವ್ಯಾಪಾರಕ್ಕೆ ನಮ್ಮ ನಗರಗಳಲ್ಲಿ ದೀರ್ಘ ಇತಿಹಾಸವಿದೆ. ಮುಂಬಯಿಯ ಚೋರ್ ಬಜಾರ್, ಪುಣೆಯ ಜುನಾ ಬಜಾರ್, ಹೈದರಾಬಾದಿನ ಕೋಠಿಯ ಹಳೆಯ ಪುಸ್ತಕದಂಗಡಿಗಳು ಮತ್ತು ಬೆಂಗಳೂರಿನ ಅವೆನ್ಯೂ ರಸ್ತೆ ಈ ವ್ಯಾಪಾರಕ್ಕೆ ಹೆಸರಾದ ಸ್ಥಳಗಳು. ಚೆನ್ನೈಯ ಮೂರ್ ಮಾರ್ಕೆಟ್ 1985ರ ಬೆಂಕಿಯಲ್ಲಿ ನಾಶವಾಗುವವರೆಗೂ ಇಂತಹುದೇ ಕೇಂದ್ರವಾಗಿತ್ತು. ದೆಹಲಿಯ ದರಿಯಾಗಂಜ್‌ನ ಪಾದಚಾರಿ ಮಾರ್ಗದಲ್ಲಿ ನಡೆಯುತ್ತಿದ್ದ ಭಾನುವಾರದ ಪುಸ್ತಕ ಸಂತೆ 2019ರಲ್ಲಿ ಮಹಿಳಾ ಹಾಟ್‌ಗೆ ಸ್ಥಳಾಂತರಗೊಂಡಿತು.

ಜಾಲತಾಣಗಳು ಈ ಪೇಟೆಯನ್ನು ಮನೆಯೊಳಗೆ ತಂದವು. ಓಎಲ್ಎಕ್ಸ್ 2006ರಲ್ಲಿ, ಕ್ವಿಕರ್ 2008ರಲ್ಲಿ ಆರಂಭವಾದವು. 2016ರಲ್ಲಿ ಯುಪಿಐ ಪಾವತಿ ಪದ್ಧತಿ ಬಂದ ನಂತರ ಚಿಲ್ಲರೆ ಹಣದ ತೊಡಕೂ ನಿವಾರಣೆಯಾಯಿತು. ಇಂದು ಜಾಹೀರಾತು ತಾಣಗಳಲ್ಲದೆ ಗೃಹನಿರ್ಮಾಣ ಸಂಘಗಳ ಹಾಗೂ ಕನ್ನಡ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಇಂತಹ ಕೊಡುಕೊಳ್ಳುವಿಕೆ ನಡೆಯುತ್ತಿದೆ.

ಯಾವ ವಸ್ತು, ಯಾವ ಕಾಲ

ಈ ಉದ್ಯೋಗಕ್ಕೆ ಇಳಿಯುವವರು ಮೊದಲು ತಮ್ಮ ಮನೆಯ ವಸ್ತುಗಳಿಂದಲೇ ಆರಂಭಿಸುವುದು ಲೇಸು. ಅದಕ್ಕೆ ಬಂಡವಾಳ ಬೇಕಾಗಿಲ್ಲ. ಯಾವ ವಸ್ತು ಎಷ್ಟು ದಿನದಲ್ಲಿ ಹೋಗುತ್ತದೆ, ಕೊಳ್ಳುವವರು ಏನನ್ನು ಪ್ರಶ್ನಿಸುತ್ತಾರೆ ಎಂಬ ಅನುಭವವೂ ದೊರೆಯುತ್ತದೆ. ನಾಲ್ಕಾರು ವಸ್ತುಗಳನ್ನು ಮಾರಿದ ನಂತರವೇ ಹೊರಗಿನಿಂದ ಕೊಂಡು ಮಾರುವ ಯೋಚನೆ ಮಾಡಬೇಕು.

ಮರದ ಮೇಜು, ಕುರ್ಚಿ, ಪುಸ್ತಕದ ಕಪಾಟು, ಮಕ್ಕಳ ಸೈಕಲ್ಲು, ಹೊಲಿಗೆ ಯಂತ್ರ, ಸಂಗೀತ ವಾದ್ಯ, ಪ್ರವೇಶ ಪರೀಕ್ಷೆಯ ಪುಸ್ತಕಗಳು ಮುಂತಾದವು ಹೊಸಬರಿಗೆ ಅನುಕೂಲಕರ. ಇವುಗಳ ಸ್ಥಿತಿಯನ್ನು ಕಣ್ಣಿನಿಂದಲೇ ಬಹುಮಟ್ಟಿಗೆ ಪರೀಕ್ಷಿಸಬಹುದು. ವಿದ್ಯುತ್ ಉಪಕರಣಗಳಾದರೆ ಚಾಲೂ ಮಾಡಿ ಕೆಲವು ಹೊತ್ತು ನಡೆಸಿ ನೋಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ನೆನಪಿಡತಕ್ಕದ್ದು. ಹೊಸ ಬಣ್ಣ ಬಳಿದ ಮೇಜಿನ ಒಳಗೆ ಗೆದ್ದಲು ಇರಬಹುದು. ಆದ್ದರಿಂದ ಮರದ ಸಾಮಾನನ್ನು ಮಗುಚಿ ಅಡಿಭಾಗವನ್ನು ನೋಡುವುದು, ಕಾಲುಗಳನ್ನು ತಟ್ಟಿ ಟೊಳ್ಳು ಶಬ್ದ ಬರುವುದೇ ಎಂದು ಕೇಳುವುದು ವಾಡಿಕೆಯಾಗಬೇಕು.

ಕಾಲವನ್ನು ಅರಿಯುವುದೂ ಮುಖ್ಯ. ಬೇಸಿಗೆಯಲ್ಲಿ ಸರ್ಕಾರಿ ನೌಕರರ ವರ್ಗಾವಣೆ ಮತ್ತು ವಿದ್ಯಾರ್ಥಿಗಳ ನಿರ್ಗಮನದಿಂದಾಗಿ ಮನೆ ಖಾಲಿ ಮಾಡುವವರು ಹೆಚ್ಚು. ಅವರಿಗೆ ಬೆಲೆಗಿಂತ ಬೇಗನೆ ವಿಲೇವಾರಿ ಆಗುವುದು ಮುಖ್ಯವಾಗಿರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಹೊಸ ವಿದ್ಯಾರ್ಥಿಗಳು ಮತ್ತು ಹೊಸ ನೌಕರರು ಬಂದು ಅದೇ ಸಾಮಾನನ್ನು ಅರಸುತ್ತಾರೆ. ಮುಂಬಯಿ, ಪುಣೆಗಳಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರು ರೂಢಿಯಲ್ಲಿರುವುದರಿಂದ ಮನೆ ಬದಲಿಸುವವರು ವರ್ಷವಿಡೀ ಇರುತ್ತಾರೆ. ದೀಪಾವಳಿಯ ಮುನ್ನ ಮನೆ ಶುಚಿಗೊಳಿಸುವ ಕಾಲದಲ್ಲಿಯೂ ಹಳೆಯ ಸಾಮಾನು ಹೊರಬರುತ್ತದೆ.

ಲಾಭದ ನಿಜವಾದ ಲೆಕ್ಕ

ಕೊಂಡ ಬೆಲೆಯನ್ನು ಮಾರಿದ ಬೆಲೆಯಿಂದ ಕಳೆದರೆ ಲಾಭ ಸಿಕ್ಕಿತೆಂದು ಹಲವರು ಭಾವಿಸುತ್ತಾರೆ. ಇದು ಅಪೂರ್ಣ ಲೆಕ್ಕ. ಉದಾಹರಣೆಗೆ, ಪುಣೆಯ ಒಂದು ಕುಟುಂಬವು ಮನೆ ಖಾಲಿ ಮಾಡುವವರಿಂದ ಓದುವ ಮೇಜೊಂದನ್ನು ರೂ. 1,400ಕ್ಕೆ ಕೊಂಡಿತೆಂದು ಇಟ್ಟುಕೊಳ್ಳೋಣ. ಟೆಂಪೊ ಬಾಡಿಗೆ ರೂ. 350, ತಿರುಪು ಮತ್ತು ಪಾಲಿಶ್ ಖರ್ಚು ರೂ. 200. ಒಟ್ಟು ತಗಲಿದ್ದು ರೂ. 1,950. ರೂ. 3,000 ಎಂದು ಜಾಹೀರಾತು ನೀಡಿ, ಚೌಕಾಸಿಯ ನಂತರ ರೂ. 2,600ಕ್ಕೆ ಮಾರಿದರೆ ಉಳಿಯುವುದು ರೂ. 650. ತರುವುದಕ್ಕೆ, ಸರಿಪಡಿಸುವುದಕ್ಕೆ, ವಿಚಾರಿಸಿದವರಿಗೆ ಉತ್ತರಿಸುವುದಕ್ಕೆ ಐದು ಗಂಟೆ ಹಿಡಿದಿದ್ದರೆ ಗಂಟೆಯ ಗಳಿಕೆ ರೂ. 130. ಮೇಜು ಎರಡು ತಿಂಗಳು ಹೋಗದೆ ಉಳಿದರೆ ಇಕ್ಕಟ್ಟಾದ ಮನೆಯಲ್ಲಿ ಜಾಗವೂ ಹಣವೂ ಕಟ್ಟಿಬೀಳುತ್ತವೆ.

ಹೀಗಾಗಿ ಆರಂಭದಲ್ಲಿ ಕೆಲವು ನಿಯಮಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ಕೊಳ್ಳುವ ಮುನ್ನ ಅದೇ ವಸ್ತುವಿನ ಹೊಸ ಬೆಲೆಯನ್ನೂ, ಅದೇ ನಗರದಲ್ಲಿ ಇತರರು ಹೇಳುತ್ತಿರುವ ಬೆಲೆಯನ್ನೂ ನೋಡಬೇಕು. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ. ಕೈಗೆ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ರೂ. 5,000 ಬಂಡವಾಳವಿದ್ದರೆ ಅದನ್ನು ಒಂದೇ ವಸ್ತುವಿನ ಮೇಲೆ ಹೂಡುವುದಕ್ಕಿಂತ ಹಲವು ಸಣ್ಣ ವಸ್ತುಗಳಿಗೆ ಹಂಚುವುದು ಕ್ಷೇಮಕರ. ಮನೆಯ ದಿನಸಿಗೂ ಮಕ್ಕಳ ಶುಲ್ಕಕ್ಕೂ ಮೀಸಲಾದ ಹಣವನ್ನು, ಅದರಲ್ಲಿಯೂ ಸಾಲದ ಹಣವನ್ನು, ಇದಕ್ಕೆ ತೊಡಗಿಸಬಾರದು. ಪ್ರತಿಯೊಂದು ವಸ್ತುವಿಗೂ ಕೊಂಡ ದಿನಾಂಕ, ಬೆಲೆ, ಖರ್ಚು, ಮಾರಿದ ದಿನಾಂಕ ಮತ್ತು ಬಂದ ಹಣವನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಜಾಹೀರಾತು ಮತ್ತು ಭೇಟಿ

ಹಗಲು ಬೆಳಕಿನಲ್ಲಿ ತೆಗೆದ ನಾಲ್ಕೈದು ಛಾಯಾಚಿತ್ರಗಳು, ಅಳತೆ, ಕೊಂಡ ವರ್ಷ, ಈಗಿನ ಸ್ಥಿತಿ ಇಷ್ಟು ವಿವರ ಜಾಹೀರಾತಿನಲ್ಲಿರಬೇಕು. ಗೀರು, ಬಿರುಕು, ದುರಸ್ತಿಯಾದ ಭಾಗಗಳನ್ನು ಮರೆಮಾಚದೆ ಪ್ರತ್ಯೇಕ ಚಿತ್ರದಲ್ಲಿ ತೋರಿಸಬೇಕು. ದೋಷವನ್ನು ಮೊದಲೇ ತಿಳಿಸಿದವರ ಮನೆ ಬಾಗಿಲಲ್ಲಿ ಜಗಳ ನಡೆಯುವುದು ವಿರಳ. ಸ್ಥಳೀಯ ಭಾಷೆಯಲ್ಲಿ ಎರಡು ಸಾಲು ಸೇರಿಸಿದರೆ ಮತ್ತಷ್ಟು ಜನರಿಗೆ ತಲುಪುತ್ತದೆ. ಹೊರನಾಡಿನಲ್ಲಿ ನೆಲೆಸಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ ಕಲಿತಿರುವ ಕನ್ನಡಿಗರಿಗೆ ಇದು ಸಹಜವಾದ ಅನುಕೂಲ. ಮಕ್ಕಳ ಕನ್ನಡ ಪುಸ್ತಕಗಳಂತಹ ವಸ್ತುಗಳಿಗೆ ಮಾತ್ರ ಕನ್ನಡ ಸಂಘದ ಬಳಗವೇ ಸೂಕ್ತ ಪೇಟೆ.

ಸಣ್ಣ ವಸ್ತುಗಳ ಹಸ್ತಾಂತರವನ್ನು ಮೆಟ್ರೊ ನಿಲ್ದಾಣ, ಅಂಗಡಿ ಸಾಲು ಮೊದಲಾದ ಜನಸಂಚಾರವಿರುವ ಸ್ಥಳದಲ್ಲಿ ಹಗಲಿನಲ್ಲಿಯೇ ಮಾಡಬೇಕು. ದೊಡ್ಡ ಸಾಮಾನಿಗೆ ಮನೆಗೆ ಕರೆಯಲೇಬೇಕಾದಲ್ಲಿ ಮತ್ತೊಬ್ಬರು ಜೊತೆಗಿರಬೇಕು ಹಾಗೂ ವಸ್ತುವನ್ನು ಮುಂಬಾಗಿಲಿನ ಹತ್ತಿರವೇ ತಂದಿರಿಸಬೇಕು.

ವಂಚನೆಯ ಬಗೆಗಳು

ವಸ್ತುವನ್ನು ನೋಡದೆಯೇ, ಚೌಕಾಸಿ ಮಾಡದೆಯೇ ಪೂರ್ಣ ಬೆಲೆಗೆ ಒಪ್ಪುವವರ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಸೇನೆಯಲ್ಲಿ ಅಥವಾ ಅರೆಸೇನಾ ಪಡೆಯಲ್ಲಿ ಇರುವುದಾಗಿ ಹೇಳಿ ಗುರುತಿನ ಚೀಟಿಯ ಚಿತ್ರ ಕಳುಹಿಸಿ ನಂಬಿಸುವುದು ವಂಚಕರ ಪರಿಚಿತ ವಿಧಾನ. ಅನಂತರ ಅವರು ಒಂದು ಕ್ಯೂಆರ್ ಸಂಕೇತವನ್ನು ಕಳುಹಿಸಿ, ಹಣ ಪಡೆಯಲು ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತುವಂತೆ ಹೇಳುತ್ತಾರೆ. ಪಿನ್ ಒತ್ತಿದ ಕ್ಷಣವೇ ಮಾರುವವರ ಖಾತೆಯಿಂದ ಹಣ ಹೋಗುತ್ತದೆ. ಯುಪಿಐ ಮೂಲಕ ಹಣ ಪಡೆಯಲು ಪಿನ್ ಬೇಕಾಗಿಲ್ಲ, ಯಾವ ಸಂಕೇತವನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಹಣ ಕಳುಹಿಸುವವರಿಗೆ ಮಾತ್ರ ಬೇಕಾದದ್ದು. ಈ ಒಂದು ಅಂಶವನ್ನು ಮನೆಯ ಪ್ರತಿಯೊಬ್ಬರೂ ತಿಳಿದಿದ್ದರೆ ಬಹಳಷ್ಟು ನಷ್ಟ ತಪ್ಪುತ್ತದೆ. ವ್ಯಕ್ತಿ ವ್ಯಕ್ತಿಗಳ ನಡುವೆ ಹಣ ಕೋರುವ 'ಕಲೆಕ್ಟ್' ಸೌಲಭ್ಯ ದುರುಪಯೋಗವಾಗುತ್ತಿದ್ದುದರಿಂದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಅದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆದರೆ ಕ್ಯೂಆರ್ ಸಂಕೇತದ ವಂಚನೆಗೆ ಗ್ರಾಹಕರ ಜಾಗರೂಕತೆಯೇ ತಡೆ.

ಹಣ ಕಳುಹಿಸಿದಂತೆ ತೋರುವ ಸುಳ್ಳು ಚಿತ್ರವನ್ನು ತೋರಿಸಿ ವಸ್ತು ಕೊಂಡೊಯ್ಯುವುದು ಮತ್ತೊಂದು ಬಗೆ. ತಮ್ಮ ಖಾತೆಯ ಶಿಲ್ಕನ್ನು ತಾವೇ ತೆರೆದು ನೋಡಿ ಖಚಿತವಾದ ನಂತರವೇ ವಸ್ತುವನ್ನು ಕೊಡಬೇಕು. 'ತಪ್ಪಿ ಹೆಚ್ಚು ಹಣ ಬಂದಿದೆ, ಉಳಿದದ್ದನ್ನು ಹಿಂದಿರುಗಿಸಿ' ಎಂಬ ಕರೆಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಕೊಳ್ಳುವಾಗ ವಸ್ತುವನ್ನು ಕಣ್ಣಾರೆ ಕಾಣದೆ ಮುಂಗಡ ನೀಡಬಾರದು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಳೆಯ ನಾಣ್ಯ, ನೋಟುಗಳಿಗೆ ಲಕ್ಷಾಂತರ ರೂಪಾಯಿ ಕೊಡಿಸುವುದಾಗಿ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ ಕೇಳುವವರ ಬಗ್ಗೆ ಆ ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಕೆ ನೀಡಿದೆ.

ವಂಚನೆಗೆ ಒಳಗಾದಲ್ಲಿ ಸಂಕೋಚಪಡದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಹಣವು ವಂಚಕರ ಖಾತೆಯಿಂದ ಮುಂದೆ ಸಾಗುವ ಮೊದಲೇ ದೂರು ಮುಟ್ಟಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಾನೂನಿನ ಮಿತಿಗಳು

ವಸ್ತುವಿನ ಮೇಲೆ ತನಗೆ ಇಲ್ಲದ ಹಕ್ಕನ್ನು ಮಾರುವವನು ಇನ್ನೊಬ್ಬರಿಗೆ ಕೊಡಲಾರ ಎಂಬುದು 1930ರ ಸರಕು ಮಾರಾಟ ಅಧಿನಿಯಮದ ಸಾಮಾನ್ಯ ತತ್ತ್ವ. ಕಳವಿನ ವಸ್ತುವನ್ನು ಹಣ ಕೊಟ್ಟು ಕೊಂಡರೂ ಅದು ಕೊಂಡವರದಾಗುವುದಿಲ್ಲ. ಕಳವಿನದೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದು, ಅಪ್ರಾಮಾಣಿಕವಾಗಿ ಪಡೆದರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಮೇರೆಗೆ ಮೂರು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ವಿಧಿಸಬಹುದು. ಆದುದರಿಂದ ಮೂಲ ರಸೀದಿಯನ್ನು ಕೇಳಬೇಕು. ಅದಿಲ್ಲದಿದ್ದಲ್ಲಿ ಮಾರುವವರ ಹೆಸರು, ವಿಳಾಸ, ದಿನಾಂಕ, ಬೆಲೆ ಮತ್ತು ಸಹಿ ಇರುವ ಬರಹವನ್ನಾದರೂ ಪಡೆಯಬೇಕು. ಮಾರುಕಟ್ಟೆಯ ಬೆಲೆಗಿಂತ ತೀರ ಅಗ್ಗವಾಗಿ ಸಿಗುವ ವಸ್ತು ಅನುಮಾನಕ್ಕೆ ಎಡೆ ಕೊಡಬೇಕು.

ಮೊಬೈಲ್ ಫೋನುಗಳ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. *#06# ಒತ್ತಿದರೆ ತೆರೆಯ ಮೇಲೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. 2023ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಆರಂಭಿಸಿದ ಸಂಚಾರ್ ಸಾಥಿ ತಾಣದಲ್ಲಿ ಈ ಸಂಖ್ಯೆಯನ್ನು ನಮೂದಿಸಿ ಫೋನು ನಿರ್ಬಂಧಿತವಾಗಿದೆಯೇ ಎಂಬುದನ್ನು ತಿಳಿಯಬಹುದು. ತಮ್ಮದೇ ಫೋನನ್ನು ಮಾರುವವರು ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಎಲ್ಲ ಖಾತೆಗಳಿಂದ ಹೊರಬಂದು, ಒಳಗಿನ ಮಾಹಿತಿಯನ್ನು ಪೂರ್ಣವಾಗಿ ಅಳಿಸಿದ ನಂತರವೇ ಕೊಡಬೇಕು.

ಕೆಲವು ವಸ್ತುಗಳನ್ನು ಮುಟ್ಟದಿರುವುದೇ ಲೇಸು. ಅಡುಗೆ ಅನಿಲದ ಸಿಲಿಂಡರ್ ತೈಲ ಕಂಪನಿಯ ಸ್ವತ್ತು. ಮನೆ ಬಿಡುವವರು ಅದನ್ನು ವಿತರಕರಿಗೆ ಒಪ್ಪಿಸಬೇಕೇ ಹೊರತು ಮಾರುವಂತಿಲ್ಲ. ಔಷಧಗಳ ಮಾರಾಟಕ್ಕೆ ಪರವಾನಗಿ ಬೇಕು. ನೂರು ವರ್ಷಕ್ಕೂ ಹಳೆಯದಾದ ವಿಗ್ರಹ, ನಾಣ್ಯ, ಕಲಾಕೃತಿಗಳು ಮತ್ತು 75 ವರ್ಷಕ್ಕೂ ಹಳೆಯದಾದ ಮಹತ್ವದ ಹಸ್ತಪ್ರತಿಗಳು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮಕ್ಕೆ ಒಳಪಡುತ್ತವೆ. ಪರವಾನಗಿ ಇಲ್ಲದೆ ಪ್ರಾಚ್ಯವಸ್ತುಗಳ ವ್ಯಾಪಾರ ಅಪರಾಧ. ದಂತ, ಚರ್ಮ ಮೊದಲಾದ ವನ್ಯಜೀವಿ ಉತ್ಪನ್ನಗಳಿಗೆ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ನಿರ್ಬಂಧವಿದೆ. ಬಿದ್ದು ಪೆಟ್ಟು ತಿಂದ ಹೆಲ್ಮೆಟ್, ಹಳೆಯ ಅನಿಲ ರೆಗ್ಯುಲೇಟರ್ ಮುಂತಾದವುಗಳಲ್ಲಿ ಕೊಳ್ಳುವವರ ಪ್ರಾಣದ ಪ್ರಶ್ನೆ ಇದೆ. ಕೆಟ್ಟು ದುರಸ್ತಿಗೆ ಬಾರದ ವಿದ್ಯುನ್ಮಾನ ವಸ್ತುಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ನೀಡಬೇಕು.

ತೆರಿಗೆಯ ವಿಚಾರ

ಸ್ವಂತ ಉಪಯೋಗಕ್ಕೆಂದು ಕೊಂಡಿದ್ದ ಬಟ್ಟೆ, ಪೀಠೋಪಕರಣ, ಪಾತ್ರೆಗಳಂತಹ ಚರ ವಸ್ತುಗಳನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಗಣಿಸುವುದಿಲ್ಲ. ಆಭರಣ, ವರ್ಣಚಿತ್ರ, ಶಿಲ್ಪ ಮತ್ತು ಇತರ ಕಲಾಕೃತಿಗಳು ಈ ವಿನಾಯಿತಿಯಿಂದ ಹೊರಗಿವೆ. ಲಾಭಕ್ಕಾಗಿ ಕೊಂಡು ಮಾರುವ ಕ್ರಮ ಆರಂಭವಾದರೆ ಬರುವ ಲಾಭ ವ್ಯಾಪಾರದ ಆದಾಯವಾಗುತ್ತದೆ. ಅದನ್ನು ಇತರ ಆದಾಯದೊಂದಿಗೆ ಸೇರಿಸಿ ತೋರಿಸಬೇಕು.

ಸರಕು ಮತ್ತು ಸೇವಾ ತೆರಿಗೆಯಡಿ ಬಹುತೇಕ ರಾಜ್ಯಗಳಲ್ಲಿ, ರಾಜ್ಯದೊಳಗೆ ಸರಕನ್ನಷ್ಟೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ನೋಂದಣಿ ಕಡ್ಡಾಯವಲ್ಲ. ನೋಂದಣಿ ಪಡೆದ ಹಳೆಯ ವಸ್ತುಗಳ ವ್ಯಾಪಾರಿಗೆ ಒಂದು ವಿಶೇಷ ಅನುಕೂಲವಿದೆ: ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆಯನ್ನು ಪಡೆಯದಿದ್ದರೆ, ಮಾರಿದ ಬೆಲೆಗೂ ಕೊಂಡ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ ಸಲ್ಲುತ್ತದೆ. ಮೇಲಿನ ಮೇಜಿನ ಉದಾಹರಣೆಯಲ್ಲಿ ಆ ಅಂತರ ರೂ. 1,200.

ಮತ್ತೊಂದು ಅಂಶವೂ ಗಮನಾರ್ಹ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರುಮಾರಾಟಕ್ಕಾಗಿ ಕೊಳ್ಳುವವರು 'ಗ್ರಾಹಕ'ರ ಪರಿಭಾಷೆಗೆ ಸೇರುವುದಿಲ್ಲ. ಕೊಂಡ ಸರಕು ದೋಷಪೂರಿತವಾಗಿದ್ದಲ್ಲಿ ಇಂಥವರಿಗೆ ಗ್ರಾಹಕ ಆಯೋಗದ ನೆರವು ದೊರೆಯದು. ಆದ್ದರಿಂದ ಕೊಳ್ಳುವ ಗಳಿಗೆಯಲ್ಲಿ ಮಾಡುವ ಪರೀಕ್ಷೆಯೇ ಅವರ ಮುಖ್ಯ ರಕ್ಷಣೆ.

ಮರುಮಾರಾಟದಿಂದ ಯಾರೂ ದಿಢೀರನೆ ಸಿರಿವಂತರಾಗುವುದಿಲ್ಲ. ಆದರೆ ತಿಂಗಳಿಗೆ ನಾಲ್ಕಾರು ವಸ್ತುಗಳನ್ನು ಶ್ರದ್ಧೆಯಿಂದ ಕೊಂಡು, ಸರಿಪಡಿಸಿ, ಸತ್ಯ ಹೇಳಿ ಮಾರುವ ಕುಟುಂಬಕ್ಕೆ ವಿದ್ಯುತ್ ಬಿಲ್ಲಿಗೋ ಮಕ್ಕಳ ಪುಸ್ತಕಕ್ಕೋ ಆಗುವಷ್ಟು ಹಣ ಕೂಡಿಬರಬಹುದು. ಹನಿಗೂಡಿದರೆ ಹಳ್ಳ. ಇನ್ನೂ ಹತ್ತು ವರ್ಷ ಬಾಳುವ ಮೇಜು ಗುಜರಿ ಸೇರದೆ ಮತ್ತೊಂದು ಮಗುವಿನ ಓದಿಗೆ ಒದಗುವುದೂ ಈ ಉದ್ಯೋಗದ ಫಲವೇ.